ಶೇಕಡಾ ಮೂರರ ಗೆರೆ

ನನ್ನ ಸರ್ವೀಸೆಲ್ಲ ಕಳೆದದ್ದು ರಾಜ್ಯದ ಖಜಾನೆಗಳಲ್ಲಿ. ಬಿಲ್ಲು ಪಾಸು ಮಾಡುವುದು, ಚಲನ್ ವಿಂಗಡಿಸುವುದು, ಬ್ಯಾಂಕಿನ ಸ್ಕ್ರೋಲಿಗೂ ನಮ್ಮ ವಹಿಗೂ ತಾಳೆ ನೋಡುವುದು, ತಿಂಗಳ ಲೆಕ್ಕ ಕಟ್ಟಿ ಮಹಾಲೇಖಪಾಲರ (ಎ.ಜಿ.) ಆಫೀಸಿಗೆ ಕಳಿಸುವುದು. ಇಂಥ ಕೆಲಸ ಮಾಡಿದವನ ಕಣ್ಣಿಗೆ ಸರ್ಕಾರದ ಕೊರತೆ ಪತ್ರಿಕೆಯ ತಲೆಬರಹವಾಗಿ ಬೀಳುವುದಿಲ್ಲ. ಯಾವ ಬಿಲ್ಲು ಇವತ್ತು ಪಾಸಾಯಿತು, ಯಾವುದು ಅನುದಾನವಿಲ್ಲವೆಂಬ ಷರಾ ಹೊತ್ತು ವಾಪಸು ಹೋಯಿತು ಎನ್ನುವುದರಲ್ಲಿ ಕಾಣುತ್ತದೆ. 2002ರ ಸೆಪ್ಟೆಂಬರಿನಲ್ಲಿ ಕರ್ನಾಟಕ ವಿತ್ತೀಯ ಹೊಣೆಗಾರಿಕೆ ಅಧಿನಿಯಮ ಬಂತು, 2003ರ ಏಪ್ರಿಲ್ 1ರಿಂದ ಜಾರಿಯಾಯಿತು. ಇಂಥ ಕಾನೂನು ಮಾಡಿದ ಮೊದಲ ರಾಜ್ಯ ನಮ್ಮದು. 2006ರ ಮಾರ್ಚ್ 31ರ ಹೊತ್ತಿಗೆ ರಾಜಸ್ವ ಕೊರತೆ ಸೊನ್ನೆಯಾಗಬೇಕು, ವಿತ್ತೀಯ ಕೊರತೆ ರಾಜ್ಯದ ಒಟ್ಟು ಉತ್ಪನ್ನದ ಶೇ 3ನ್ನು ಮೀರಬಾರದು ಎಂದು ಅದು ಹೇಳಿತು.

ಶೇ 3 ಏಕೆ? ಎರಡೂವರೆ ಏಕಲ್ಲ, ನಾಲ್ಕು ಏಕಲ್ಲ? ಕಚೇರಿಯಲ್ಲಿ ಯಾರನ್ನು ಕೇಳಿದರೂ ‘ಮೇಲಿನಿಂದ ಬಂದದ್ದು’ ಎಂಬ ಉತ್ತರವೇ ಸಿಗುತ್ತಿತ್ತು. ನಿವೃತ್ತಿಯಾದ ಮೇಲೆ ಪುರಸೊತ್ತು ಮಾಡಿಕೊಂಡು ಆ ಅಂಕಿಯ ಜಾಡು ಹಿಡಿದು ಓದುತ್ತ ಹೋದೆ. ಜಾಡು ದೆಹಲಿಯಲ್ಲಿ ನಿಲ್ಲಲಿಲ್ಲ. ನೆದರ್ಲೆಂಡ್ಸಿನ ಮಾಸ್ಟ್ರಿಕ್ಟ್ ಎಂಬ ಊರನ್ನು ಹಾದು, 1981ರ ಪ್ಯಾರಿಸ್‌ವರೆಗೆ ಹೋಯಿತು.

ಆ ವರ್ಷದ ಮೇ ತಿಂಗಳಲ್ಲಿ ಸಮಾಜವಾದಿ ನಾಯಕ ಫ್ರಾನ್ಸ್ವಾ ಮಿತೆರಾಂ ಫ್ರಾನ್ಸಿನ ಅಧ್ಯಕ್ಷರಾದರು. ಎರಡು ದಶಕಕ್ಕೂ ಹೆಚ್ಚು ಕಾಲ ಅಧಿಕಾರದ ಹೊರಗಿದ್ದ ಎಡಪಕ್ಷದವರು ಮಂತ್ರಿಗಳಾಗಿದ್ದರು. ಒಬ್ಬೊಬ್ಬರಿಗೂ ಒಂದೊಂದು ಯೋಜನೆ, ಒಂದೊಂದು ಭರವಸೆ. ಹಣಕಾಸು ಸಚಿವಾಲಯ ಆಗ ಲೂವ್ರ್ ಅರಮನೆಯ ಒಂದು ಪಾರ್ಶ್ವದಲ್ಲಿತ್ತು. ಬಜೆಟ್ ವಿಭಾಗದ ಅಧಿಕಾರಿ ಪಿಯೆರ್ ಬಿಲ್ಜೇ ಒಂದು ಸಂಜೆ ಗಿ ಅಬೆಯ್, ರೊಲಾಂ ದ ವಿಲ್‌ಪಾಂ ಎಂಬ ಇಬ್ಬರು ಕಿರಿಯರನ್ನು ಕರೆದು ಕೆಲಸ ಹೇಳಿದರು: ಅಧ್ಯಕ್ಷರಿಗೆ ಒಂದು ಸರಳ ನಿಯಮ ಬೇಕು, ಹಣ ಕೇಳಿಕೊಂಡು ಬರುವ ಮಂತ್ರಿಗೆ ಅದನ್ನು ತೋರಿಸಿ ‘ಇಲ್ಲ’ ಎನ್ನುವಂತಿರಬೇಕು, ಬೇಗ ಬೇಕು.

ಆ ವರ್ಷದ ಕೊರತೆ ಹತ್ತು ಸಾವಿರ ಕೋಟಿ ಫ್ರಾಂಕಿನತ್ತ ಓಡುತ್ತಿತ್ತು. ಅಷ್ಟು ದೊಡ್ಡ ಮೊತ್ತವನ್ನು ಹಾಗೇ ಹೇಳಿದರೆ ಜನ ಬೆಚ್ಚುತ್ತಾರೆ. ದೇಶದ ಒಟ್ಟು ಉತ್ಪನ್ನದಿಂದ ಭಾಗಿಸಿದರೆ ಅದೇ ಮೊತ್ತ ಒಂದು ಸಣ್ಣ ಶೇಕಡಾವಾರು ಆಗುತ್ತದೆ, ಶಾಸ್ತ್ರೀಯವಾಗಿಯೂ ಕಾಣುತ್ತದೆ. ಶೇ 1 ಎಂದರೆ ಮುಟ್ಟಲಾಗದ ಗುರಿ. ಶೇ 2 ಎಂದರೆ ಸರ್ಕಾರದ ಕೈ ತೀರಾ ಕಟ್ಟಿದಂತೆ. ಹಾಗಾಗಿ 3 ಆಯಿತು. ಕ್ರೈಸ್ತರ ತ್ರಿತ್ವದ ನೆನಪು ತರುವ, ಕಿವಿಗೆ ಗಟ್ಟಿಯಾಗಿ ಕೇಳುವ ಸಂಖ್ಯೆ ಅದು ಎಂಬುದೂ ತಮ್ಮ ಮನಸ್ಸಿನಲ್ಲಿತ್ತೆಂದು ಅಬೆಯ್ ಮೂರು ದಶಕದ ನಂತರ ತಾವಾಗಿಯೇ ಹೇಳಿಕೊಂಡರು. ಅದರ ಹಿಂದೆ ಅರ್ಥಶಾಸ್ತ್ರದ ಯಾವ ಸಿದ್ಧಾಂತವೂ ಇರಲಿಲ್ಲ ಎಂದೂ ಹೇಳಿದರು. ಬಜೆಟ್ ಮಂತ್ರಿ ಲೊರಾಂ ಫಾಬ್ಯುಸ್ ಅದನ್ನು ಬಳಸಿದರು, ಮಿತೆರಾಂ ಬಳಸಿದರು. ಕೆಲವೇ ವರ್ಷಗಳಲ್ಲಿ ಅದು ಫ್ರೆಂಚ್ ಆಡಳಿತದ ರೂಢಿಯಾಗಿಬಿಟ್ಟಿತು.

ಆ ಇಬ್ಬರು ಅಧಿಕಾರಿಗಳ ಬಗ್ಗೆ ನನಗೆ ಗೌರವವಿದೆ. ಕೇಳಿದ್ದನ್ನು ಕೇಳಿದ ಹೊತ್ತಿಗೆ ಒಪ್ಪಿಸಿದರು. ಒಂದು ದೇಶದ, ಒಂದು ಸರ್ಕಾರದ, ಒಂದು ವರ್ಷದ ಅಗತ್ಯಕ್ಕೆ ಅದು ಸಾಕಿತ್ತು. ಆ ಸಂಖ್ಯೆ ಮುಂದೆ ಹಲವು ದೇಶಗಳ ಒಪ್ಪಂದವಾಗಿ, ಅಲ್ಲಿಂದ ಖಂಡ ದಾಟಿ ಹೋದೀತೆಂದು ಅವರು ಎಣಿಸಿರಲಿಕ್ಕಿಲ್ಲ.

ಯುರೋಪಿಗೆ ಇಂಥದೊಂದು ಸಂಖ್ಯೆ ಬೇಕಾದದ್ದಕ್ಕೆ ಬೇರೆಯೇ ಹಿನ್ನೆಲೆಯಿದೆ. ಒಂದು ದೇಶಕ್ಕೆ ತನ್ನದೇ ನಾಣ್ಯವಿದ್ದರೆ, ವ್ಯಾಪಾರ ಬಿದ್ದ ವರ್ಷ ಅದು ಮೂರು ಕೆಲಸ ಮಾಡಬಹುದು: ಬಡ್ಡಿ ಇಳಿಸಬಹುದು, ನಾಣ್ಯದ ಬೆಲೆ ತಗ್ಗಲು ಬಿಡಬಹುದು, ಬಜೆಟ್ಟಿನಲ್ಲಿ ಹೆಚ್ಚು ಖರ್ಚು ಮಾಡಬಹುದು. ನಾಣ್ಯವನ್ನು ಹತ್ತು ದೇಶಗಳ ಜೊತೆ ಹಂಚಿಕೊಂಡರೆ ಮೊದಲ ಎರಡು ಕೈಬಿಟ್ಟು ಹೋಗುತ್ತವೆ. ಉಳಿಯುವುದು ಬಜೆಟ್ ಒಂದೇ. ಕರ್ನಾಟಕಕ್ಕೂ ರೂಪಾಯಿಯ ಬೆಲೆ ಇಳಿಸುವ ಅಧಿಕಾರವಿಲ್ಲ, ರೆಪೊ ದರವನ್ನು ಮುಟ್ಟುವ ಅಧಿಕಾರವಿಲ್ಲ. ಆದರೆ ನಮ್ಮ ತಲೆಯ ಮೇಲೆ ದೊಡ್ಡ ಬೊಕ್ಕಸವಿರುವ ಕೇಂದ್ರ ಸರ್ಕಾರವೊಂದಿದೆ. ಯುರೋಪಿಗೆ ಅದಿರಲಿಲ್ಲ.

ಇದನ್ನು ಮೊದಲು ಬಿಡಿಸಿ ಹೇಳಿದ್ದು 1977ರ ಮ್ಯಾಕ್‌ಡೂಗಲ್ ವರದಿ. ಬ್ರಿಟಿಷ್ ಅರ್ಥಶಾಸ್ತ್ರಜ್ಞ ಡೊನಾಲ್ಡ್ ಮ್ಯಾಕ್‌ಡೂಗಲ್ ನೇತೃತ್ವದ ತಂಡ ಅಮೆರಿಕ, ಪಶ್ಚಿಮ ಜರ್ಮನಿಯಂಥ ಒಕ್ಕೂಟಗಳನ್ನು ನೋಡಿತು. ಅಲ್ಲಿ ಒಕ್ಕೂಟ ಸರ್ಕಾರದ ಖರ್ಚು ದೇಶದ ಉತ್ಪನ್ನದ ಶೇ 20ರಿಂದ 25ರವರೆಗೆ ಇತ್ತು. ಯುರೋಪಿಯನ್ ಸಮುದಾಯದ ಬಜೆಟ್ ಶೇ 1ಕ್ಕೂ ಕೆಳಗಿತ್ತು. ಒಂದೇ ನಾಣ್ಯ ಬೇಕೆಂದರೆ ಒಕ್ಕೂಟದ ಬಜೆಟ್ ಕನಿಷ್ಠ ಶೇ 5ರಿಂದ 7ರಷ್ಟಾದರೂ ಇರಬೇಕು, ಆಗ ಮಾತ್ರ ಒಂದು ಭಾಗದ ಕಷ್ಟಕ್ಕೆ ಇನ್ನೊಂದು ಭಾಗದ ಹಣ ಹರಿದೀತು ಎಂಬುದು ಆ ತಂಡದ ಲೆಕ್ಕ. ಈ ಚರಿತ್ರೆಯಲ್ಲಿ ನಾನು ಓದಿದ ಅತ್ಯಂತ ವಿವೇಕದ ಮಾತು ಅದೇ. ಅದನ್ನು ಯಾರೂ ಜಾರಿಗೆ ತರಲಿಲ್ಲ. ಯುರೋಪಿನ ಸಾಮಾನ್ಯ ಬಜೆಟ್ ಇಂದಿಗೂ ಶೇ 1ರ ಆಸುಪಾಸಿನಲ್ಲೇ ಇದೆ.

1989ರ ಏಪ್ರಿಲಿನಲ್ಲಿ ಆಗಿನ ಯುರೋಪಿಯನ್ ಆಯೋಗದ ಅಧ್ಯಕ್ಷ ಝಾಕ್ ದೆಲೋರ್ ಅವರ ಸಮಿತಿಯ ವರದಿ ಬರುವ ಹೊತ್ತಿಗೆ ದಾರಿಯೇ ಬದಲಾಗಿತ್ತು. ದೊಡ್ಡ ಸಾಮಾನ್ಯ ಬೊಕ್ಕಸದ ಮಾತು ಹಿಂದೆ ಸರಿದು, ಪ್ರತಿ ದೇಶದ ಬಜೆಟ್ಟಿಗೂ ಕಡ್ಡಾಯ ಮಿತಿ ಹಾಕಬೇಕೆಂಬ ಮಾತು ಮುಂದೆ ಬಂದಿತ್ತು. 1991ರ ಡಿಸೆಂಬರಿನಲ್ಲಿ ಮಾಸ್ಟ್ರಿಕ್ಟ್‌ನಲ್ಲಿ ಸೇರಿದ ನಾಯಕರು ಎರಡು ಸಂಖ್ಯೆಗಳನ್ನು ಒಪ್ಪಿದರು: ಕೊರತೆ ಶೇ 3, ಸಾಲ ಶೇ 60. ಮಾತುಕತೆಯಲ್ಲಿ ಫ್ರಾನ್ಸಿನ ಪರವಾಗಿ ಇದ್ದವರು ಆಗಿನ ಖಜಾನೆ ನಿರ್ದೇಶಕ, ಮುಂದೆ ಯುರೋಪಿಯನ್ ಕೇಂದ್ರ ಬ್ಯಾಂಕಿನ ಅಧ್ಯಕ್ಷರಾದ ಝಾನ್-ಕ್ಲೋದ್ ತ್ರಿಷೆ. ಪ್ಯಾರಿಸ್ಸಿನ ರೂಢಿ ಹೀಗೆ ಯುರೋಪಿನ ಒಪ್ಪಂದವಾಯಿತು. 60 ಎಂಬುದು ಆಗಿನ ಸದಸ್ಯ ದೇಶಗಳ ಸಾಲದ ಸರಾಸರಿಗೆ ಹತ್ತಿರವಿದ್ದ ಅಂಕಿ. ಬೆಲೆಯೇರಿಕೆಯನ್ನೂ ಸೇರಿಸಿ ಆರ್ಥಿಕತೆ ವರ್ಷಕ್ಕೆ ಶೇ 5 ಬೆಳೆಯುತ್ತಿದ್ದರೆ, ಪ್ರತಿವರ್ಷ ಶೇ 3ರ ಕೊರತೆ ಇಟ್ಟುಕೊಂಡರೂ ಸಾಲ ಕೊನೆಗೆ ಶೇ 60ಕ್ಕೆ ಬಂದು ನಿಲ್ಲುತ್ತದೆ. ಮೂರನ್ನು ಐದರಿಂದ ಭಾಗಿಸಿದರೆ ಬರುವ ಉತ್ತರ ಅದು. ಲೆಕ್ಕ ಸರಿಯಾಗಿದೆ. ಬೆಳವಣಿಗೆ ಐದರಿಂದ ಎರಡಕ್ಕೆ ಇಳಿದರೆ ಮಾತ್ರ ಅದೇ ಲೆಕ್ಕದ ಪ್ರಕಾರ ಸಾಲ 150ಕ್ಕೆ ಹೋಗಿ ನಿಲ್ಲಬೇಕಾಗುತ್ತದೆ. ಬೆಳವಣಿಗೆ ಇಳಿಯುವ ಕಾಲ ಬಂದೇ ಬರುತ್ತದೆ ಎಂಬುದಕ್ಕೆ ಆ ಎರಡು ಸಂಖ್ಯೆಗಳಲ್ಲಿ ಜಾಗವಿರಲಿಲ್ಲ.

ಜರ್ಮನರಿಗೆ ಅಷ್ಟೂ ಸಾಲಲಿಲ್ಲ. ತಮ್ಮ ಗಟ್ಟಿ ಮಾರ್ಕ್ ಬಿಟ್ಟುಕೊಟ್ಟು ಇಟಲಿಯಂಥ ಸಾಲಗಾರ ದೇಶದ ಜೊತೆ ನಾಣ್ಯ ಹಂಚಿಕೊಳ್ಳುವ ಭಯ ಅಲ್ಲಿನ ಸಾಮಾನ್ಯ ಠೇವಣಿದಾರನಿಗೂ ಇತ್ತು. 1995ರ ನವೆಂಬರಿನಲ್ಲಿ ಹಣಕಾಸು ಮಂತ್ರಿ ಥಿಯೊ ವೈಗೆಲ್ ಇನ್ನೂ ಬಿಗಿಯಾದ ಒಪ್ಪಂದದ ಪ್ರಸ್ತಾವ ಇಟ್ಟರು. 1996ರ ಡಿಸೆಂಬರಿನಲ್ಲಿ ಡಬ್ಲಿನ್‌ನಲ್ಲಿ ಜಗ್ಗಾಡಿದ್ದು ಮುಖ್ಯವಾಗಿ ಒಂದು ವಿಷಯಕ್ಕೆ: ಎಷ್ಟು ಕೆಟ್ಟ ವರ್ಷ ಬಂದರೆ ಗೆರೆ ದಾಟಲು ಬಿಡಬೇಕು? ಒಂದು ವರ್ಷದಲ್ಲಿ ಉತ್ಪನ್ನ ಶೇ 2ರಷ್ಟು ಕುಸಿದರೆ ವಿನಾಯಿತಿ ಎಂದು ತೀರ್ಮಾನವಾಯಿತು. ಕುಸಿತ ಶೇ 0.75ಕ್ಕಿಂತ ಕಡಿಮೆಯಿದ್ದರೆ ದೇಶಗಳು ಸಾಮಾನ್ಯವಾಗಿ ಕೇಳಲೂಬಾರದು. 1997ರ ಜೂನಿನಲ್ಲಿ ಆಮ್‌ಸ್ಟರ್‌ಡಾಂನಲ್ಲಿ ಇದೇ ಸ್ಥಿರತೆ ಮತ್ತು ಬೆಳವಣಿಗೆ ಒಪ್ಪಂದವಾಯಿತು. ತಪ್ಪಿದ ದೇಶಕ್ಕೆ ಉತ್ಪನ್ನದ ಶೇ 0.5ರವರೆಗೆ ದಂಡ.

ಈ ಕಲಮುಗಳನ್ನು ಓದುವಾಗ ಖಜಾನೆಯವನಾದ ನನಗೆ ಮೊದಲು ಹೊಳೆದದ್ದು ಒಂದೇ. ವ್ಯಾಪಾರ ಬಿದ್ದ ವರ್ಷ ಯಾರೂ ಏನೂ ಮಾಡದಿದ್ದರೂ ತೆರಿಗೆ ಕಡಿಮೆ ಬರುತ್ತದೆ. ಕೆಲಸ ಕಳೆದುಕೊಂಡವರ ಭತ್ಯೆ ತಾನಾಗಿ ಏರುತ್ತದೆ. ಭಾಗಿಸುವ ಉತ್ಪನ್ನವೂ ಚಿಕ್ಕದಾಗುತ್ತದೆ. ಮೂರೂ ಸೇರಿ ಶೇಕಡಾವಾರು ಮೇಲೇರುತ್ತದೆ. ಗೆರೆಯೊಳಗೆ ಉಳಿಯಬೇಕೆಂದರೆ ಜನರ ಕೈ ಖಾಲಿಯಾದ ವರ್ಷವೇ ಸರ್ಕಾರವೂ ಕೈ ಬಿಗಿ ಹಿಡಿಯಬೇಕು. ಇನ್ನು ಒಳ್ಳೆಯ ವರ್ಷ ಬಂದರೆ ಇದರ ತಿರುವುಮುರುವು: ತೆರಿಗೆ ತಾನಾಗಿ ಸುರಿಯುತ್ತದೆ, ಶೇಕಡಾವಾರು ತಾನಾಗಿ ಇಳಿಯುತ್ತದೆ, ನಿಯಮ ಬಾಯಿಯೇ ತೆರೆಯುವುದಿಲ್ಲ. ಈ ನಿಯಮದ ಬಗ್ಗೆ ನಡೆದ ಜಗಳವೆಲ್ಲ ಕೆಟ್ಟ ವರ್ಷಗಳಲ್ಲಿ ನಡೆಯಿತು. ಕೇಡು ಆಗಿದ್ದು ಒಳ್ಳೆಯ ವರ್ಷಗಳಲ್ಲಿ ಎಂಬುದು ನನ್ನ ಖಚಿತ ಅಭಿಪ್ರಾಯ. ಅದಕ್ಕೆ ಸಾಕ್ಷಿ ಐರ್ಲೆಂಡ್ ಮತ್ತು ಸ್ಪೇನ್. ಅದಕ್ಕೂ ಮೊದಲು ಪೋರ್ಚುಗಲ್ಲಿನ ಮಾತು ಹೇಳಬೇಕು.

ಗೆರೆ ದಾಟಿದ ಮೊದಲ ದೇಶ ಪೋರ್ಚುಗಲ್. 2001ರ ಕೊರತೆ ಶೇ 4 ದಾಟಿದೆಯೆಂದು 2002ರಲ್ಲಿ ತಿಳಿಯಿತು. ಹಣಕಾಸು ಮಂತ್ರಿ ಮನುಯೆಲಾ ಫೆರೈರಾ ಲೈತೆ ಮೌಲ್ಯವರ್ಧಿತ ತೆರಿಗೆಯನ್ನು ಶೇ 17ರಿಂದ 19ಕ್ಕೆ ಏರಿಸಿದರು, ಖರ್ಚು ಕಡಿದರು. ಚಿಕ್ಕ ದೇಶ, ಹೇಳಿದಂತೆ ಕೇಳಿತು. ಅಲ್ಲಿನ ಆರ್ಥಿಕತೆ ಮುಂದಿನ ವರ್ಷ ಕುಗ್ಗಿತು.

ಅದೇ ಹೊತ್ತಿಗೆ ಗೆರೆ ದಾಟಿದ್ದ ಇನ್ನಿಬ್ಬರು ಜರ್ಮನಿ ಮತ್ತು ಫ್ರಾನ್ಸ್: ನಿಯಮ ಬೇಕೆಂದು ಹಟ ಹಿಡಿದ ದೇಶ, ಮತ್ತು ಆ ಸಂಖ್ಯೆಯನ್ನು ಹುಟ್ಟಿಸಿದ ದೇಶ. ಯುರೋಪಿಯನ್ ಆಯೋಗದ ಅಧ್ಯಕ್ಷ ರೊಮಾನೊ ಪ್ರೋದಿ 2002ರ ಅಕ್ಟೋಬರಿನಲ್ಲೇ ಈ ಒಪ್ಪಂದವನ್ನು ಮೂರ್ಖತನದ್ದೆಂದು ಪತ್ರಿಕೆಯೊಂದರಲ್ಲಿ ಕರೆದಿದ್ದರು. ಆದರೆ ಅವರದೇ ಆಯೋಗದಲ್ಲಿ ಹಣಕಾಸು ನೋಡಿಕೊಳ್ಳುತ್ತಿದ್ದ ಸ್ಪೇನಿನ ಪೆದ್ರೊ ಸೋಲ್ಬೆಸ್‌ಗೆ ಕಾನೂನು ಕಾನೂನೇ ಆಗಿತ್ತು. ಎರಡೂ ದೇಶಗಳ ಮೇಲಿನ ಕ್ರಮವನ್ನು ಮುಂದಿನ ಹಂತಕ್ಕೆ ಒಯ್ಯಬೇಕೆಂದು ಅವರು ಶಿಫಾರಸು ಮಾಡಿದರು. 2003ರ ನವೆಂಬರ್ 24ರ ರಾತ್ರಿ ಬ್ರಸೆಲ್ಸ್‌ನಲ್ಲಿ ಹಣಕಾಸು ಮಂತ್ರಿಗಳು ಕೂತರು. ಅಧ್ಯಕ್ಷತೆ ಇಟಲಿಯ ಜೂಲಿಯೊ ತ್ರೆಮೊಂತಿಯವರದು. ಬೆಳಗಿನ ಜಾವದವರೆಗೆ ವಾದ ನಡೆಯಿತು. 25ರಂದು ಮಂತ್ರಿಗಳ ಮಂಡಳಿ ಕ್ರಮವನ್ನೇ ತಡೆಹಿಡಿಯಿತು. ಸ್ಪೇನ್, ನೆದರ್ಲೆಂಡ್ಸ್, ಆಸ್ಟ್ರಿಯಾ, ಫಿನ್ಲೆಂಡ್ ವಿರೋಧಿಸಿದವು, ಸಾಲಲಿಲ್ಲ. ಆಯೋಗ ನ್ಯಾಯಾಲಯಕ್ಕೆ ಹೋಯಿತು. 2004ರ ಜುಲೈನಲ್ಲಿ ಆ ನಿರ್ಣಯ ರದ್ದಾದರೂ ಯಾರಿಗೂ ದಂಡ ಬೀಳಲಿಲ್ಲ. 2005ರ ಮಾರ್ಚಿನಲ್ಲಿ ಒಪ್ಪಂದವನ್ನೇ ಸಡಿಲಿಸಿದರು.

ಜರ್ಮನಿ ಆ ವರ್ಷ ಖರ್ಚು ಕಡಿಯದೆ ಇದ್ದದ್ದು ತಪ್ಪೆಂದು ನನಗನ್ನಿಸುವುದಿಲ್ಲ. ನಿರುದ್ಯೋಗ ಏರುತ್ತಿದ್ದಾಗ, ಚಾನ್ಸಲರ್ ಶ್ರೋಡರ್ ಸರ್ಕಾರ ಕಾರ್ಮಿಕ ಕಾನೂನುಗಳನ್ನು ತಿದ್ದಲು ಹೊರಟಿದ್ದಾಗ, ಬಜೆಟ್ಟಿಗೂ ಕತ್ತರಿ ಹಾಕಿದ್ದರೆ ಕಷ್ಟ ಇಮ್ಮಡಿಯಾಗುತ್ತಿತ್ತು. ಅನ್ಯಾಯ ಆದದ್ದು ಪೋರ್ಚುಗಲ್ಲಿಗೆ. ಅದೇ ವಿವೇಕವನ್ನು ಒಂದು ವರ್ಷ ಮೊದಲು ಲಿಸ್ಬನ್ನಿನ ವಿಷಯದಲ್ಲಿ ಯಾರೂ ತೋರಿಸಲಿಲ್ಲ. ಶಿಕ್ಷೆ ಕೊಡಬೇಕಾದವರು, ಶಿಕ್ಷೆಗೆ ಗುರಿಯಾಗಬಹುದಾದವರು ಒಂದೇ ಮೇಜಿನ ಸುತ್ತ ಕೂತ ವ್ಯವಸ್ಥೆ ಅದು. ಮೂರರ ಗೆರೆ ದಾಟಿದ್ದಕ್ಕೆ ಯಾವ ದೇಶವೂ ಇಂದಿನವರೆಗೆ ದಂಡ ಕಟ್ಟಿಲ್ಲ. 2016ರಲ್ಲಿ ಸ್ಪೇನ್, ಪೋರ್ಚುಗಲ್‌ಗಳಿಗೆ ದಂಡದ ಹಂತ ಬಂದಾಗಲೂ ಮೊತ್ತವನ್ನು ಸೊನ್ನೆಯೆಂದು ನಿಗದಿ ಮಾಡಿದರು.

ಈಗ ಒಳ್ಳೆಯ ವರ್ಷಗಳ ಕಥೆ. 2003ರ ಜೂನಿನಿಂದ 2005ರ ಡಿಸೆಂಬರಿನವರೆಗೆ ಯುರೋಪಿಯನ್ ಕೇಂದ್ರ ಬ್ಯಾಂಕಿನ ಬಡ್ಡಿ ದರ ಶೇ 2. ಮಂಕಾಗಿದ್ದ ಜರ್ಮನಿಗೆ ಅದು ಬೇಕಾಗಿತ್ತು. ಅದೇ ದರ ಓಡುತ್ತಿದ್ದ ಐರ್ಲೆಂಡಿಗೂ ಸ್ಪೇನಿಗೂ ಅನ್ವಯವಾಯಿತು. ಬೆಲೆಯೇರಿಕೆ ಬಡ್ಡಿಗಿಂತ ಹೆಚ್ಚಿದ್ದ ಆ ದೇಶಗಳಲ್ಲಿ ಸಾಲ ಮಾಡಿ ಮನೆ ಕೊಂಡವನೇ ಜಾಣನಾದ. ಮನೆ ಮಾರಾಟವಾದಾಗಲೆಲ್ಲ ಸರ್ಕಾರಕ್ಕೆ ಮುದ್ರಾಂಕ ಶುಲ್ಕ. ಐರ್ಲೆಂಡಿನಲ್ಲಿ 2006ರಲ್ಲಿ ಆ ಶುಲ್ಕ 350 ಕೋಟಿ ಯೂರೋ ದಾಟಿತು. ಅಂಥ ಹಣ ವರ್ಷವರ್ಷವೂ ಬರುತ್ತದೆಂದು ನಂಬಿ ಸಂಬಳ ಏರಿಸಿದರು, ಆದಾಯ ತೆರಿಗೆ ಇಳಿಸಿದರು. ಲೆಕ್ಕದ ಪುಸ್ತಕದಲ್ಲಿ ಹೆಚ್ಚುವರಿಯೇ ಇತ್ತು. 2007ರಲ್ಲಿ ಐರ್ಲೆಂಡಿನ ಸಾಲ ಉತ್ಪನ್ನದ ಶೇ 25ರ ಆಸುಪಾಸು, ಸ್ಪೇನಿನದು ಶೇ 36ರಷ್ಟು. ಜರ್ಮನಿಯದು ಶೇ 60ರ ಮೇಲಿತ್ತು. ನಿಯಮದ ಪ್ರಕಾರ ನೋಡಿದರೆ ಐರ್ಲೆಂಡ್, ಸ್ಪೇನ್ ಎರಡೂ ಮಾದರಿ ದೇಶಗಳು.

ಸ್ಪೇನಿನ ವಿಷಯದಲ್ಲಿ ನನ್ನನ್ನು ಕಾಡುವ ಸಂಗತಿಯೊಂದಿದೆ. ಬ್ರಸೆಲ್ಸಿನಲ್ಲಿ ನಿಯಮ ಕಾಯಲು ಹೋರಾಡಿದ ಅದೇ ಸೋಲ್ಬೆಸ್ 2004ರ ಏಪ್ರಿಲಿನಲ್ಲಿ ಮ್ಯಾಡ್ರಿಡ್‌ಗೆ ಮರಳಿ ಹಣಕಾಸು ಮಂತ್ರಿಯಾದರು. ಆ ಮನೆ ಕಟ್ಟುವ ಭರಾಟೆಯ ಅಷ್ಟೂ ವರ್ಷ ಬೊಕ್ಕಸದ ಮುಂದೆ ಕೂತಿದ್ದವರು ಅವರೇ. ಪ್ರಾಮಾಣಿಕರು, ನಿಯಮ ಬಲ್ಲವರು, ಅದನ್ನು ಅಕ್ಷರಶಃ ಪಾಲಿಸಿದವರು. ಉತ್ಪನ್ನದ ಶೇ 2ರಷ್ಟು ಹೆಚ್ಚುವರಿ ತೋರಿಸಿದರು. 2009ರಲ್ಲಿ ಅವರು ಹುದ್ದೆ ಬಿಡುವ ಹೊತ್ತಿಗೆ ಹೆಚ್ಚುವರಿ ಎಲ್ಲಿತ್ತೆಂಬ ಗುರುತೂ ಉಳಿದಿರಲಿಲ್ಲ. ಅವರ ಪ್ರಾಮಾಣಿಕತೆಗೆ ಕುಂದಿಲ್ಲ. ನಿಯಮ ನೋಡಲು ಹೇಳಿದ್ದು ತಪ್ಪು ಅಂಕಿಯನ್ನು.

ಐರ್ಲೆಂಡಿಗೆ ಒಂದು ಎಚ್ಚರಿಕೆಯಂತೂ ಸಿಕ್ಕಿತ್ತು. 2001ರ ಫೆಬ್ರವರಿಯಲ್ಲಿ ಯುರೋಪಿನ ಹಣಕಾಸು ಮಂತ್ರಿಗಳು ಐರ್ಲೆಂಡಿನ ಚಾರ್ಲಿ ಮೆಕ್ರೀವಿಯವರಿಗೆ, ಕಾವೇರಿದ ಆರ್ಥಿಕತೆಗೆ ನಿಮ್ಮ ಬಜೆಟ್ ಇನ್ನಷ್ಟು ಸೌದೆ ಹಾಕುತ್ತಿದೆ ಎಂದು ಛೀಮಾರಿ ಹಾಕಿದರು. ಹಿಂದಿನ ವರ್ಷ ಶೇ 4ಕ್ಕೂ ಮೀರಿ ಹೆಚ್ಚುವರಿ ತೋರಿಸಿದ್ದ ದೇಶಕ್ಕೆ! ಐರಿಷ್ ಜನ ಸಿಟ್ಟಾದರು, ಮೆಕ್ರೀವಿ ತಲೆಬಾಗಲಿಲ್ಲ. ಅದೇ ವರ್ಷ ಆರ್ಥಿಕತೆ ನಿಧಾನವಾದ್ದರಿಂದ ಆ ಮಾತೂ ತಣ್ಣಗಾಯಿತು. ಇಡೀ ಚರಿತ್ರೆಯಲ್ಲಿ ಒಳ್ಳೆಯ ವರ್ಷದಲ್ಲಿ ಯಾರಾದರೂ ಬಾಯಿ ತೆರೆದದ್ದೆಂದರೆ ಇದೊಂದೇ ನನಗೆ ನೆನಪಾಗುವುದು. ಅದಕ್ಕೆ ಕಾನೂನಿನ ಬಲವಿರಲಿಲ್ಲ.

ನಮ್ಮ ಬಯಲುಸೀಮೆಯ ಹಿರಿಯರು ಬೆಳೆ ಬಂದ ವರ್ಷ ಹಗೇವು ತುಂಬಿಸುತ್ತಿದ್ದರು. ಮನೆಯಲ್ಲಿ ಈ ವರ್ಷ ಕೊರತೆಯಿದೆಯೋ ಇಲ್ಲವೋ ಎಂದು ಅವರು ನೋಡುತ್ತಿರಲಿಲ್ಲ. ಎರಡು ವರ್ಷ ಮಳೆ ಹೋದರೆ ಎಷ್ಟು ಜೋಳ ಬೇಕು ಎಂದು ನೋಡುತ್ತಿದ್ದರು. ಮಾಸ್ಟ್ರಿಕ್ಟ್‌ನ ಒಪ್ಪಂದ ಮೊದಲ ಪ್ರಶ್ನೆಯನ್ನಷ್ಟೇ ಕೇಳಿತು.

ನನಗೆ ಇದೆಲ್ಲ ಮನಸ್ಸಿಗೆ ಹತ್ತಿರವಾಗಿ ತಟ್ಟಲು ಕಾರಣ, ಅದೇ ವರ್ಷಗಳಲ್ಲಿ ನಾನು ಬೆಂಗಳೂರಿನ ಖಜಾನೆಯೊಂದರಲ್ಲಿ ಇದ್ದದ್ದು. ಬ್ಯಾಂಕಿನಿಂದ ಬರುವ ಚಲನ್ ಕಟ್ಟುಗಳನ್ನು ಲೆಕ್ಕ ಶೀರ್ಷಿಕೆಯ ಪ್ರಕಾರ ವಿಂಗಡಿಸುವಾಗ ಯಾವ ತೆರಿಗೆಯ ಕಟ್ಟು ದಪ್ಪವಾಗುತ್ತಿದೆ ಎಂಬುದು ಕೈಗೇ ತಿಳಿಯುತ್ತದೆ. 0039 ಅಬಕಾರಿ, 0040 ಮಾರಾಟ ತೆರಿಗೆ, 0041 ವಾಹನ ತೆರಿಗೆ, 0030 ಮುದ್ರಾಂಕ ಮತ್ತು ನೋಂದಣಿ. ಆ ವರ್ಷಗಳಲ್ಲಿ 0030ರ ಕಟ್ಟು ಉಳಿದವಕ್ಕಿಂತ ವೇಗವಾಗಿ ಬೆಳೆಯುತ್ತಿತ್ತು. ಉಪನೋಂದಣಾಧಿಕಾರಿ ಕಚೇರಿಗಳ ಮುಂದೆ ಬೆಳಗಿನಿಂದಲೇ ಜನ. ಹೊಸಕೋಟೆ, ದೇವನಹಳ್ಳಿ, ಆನೇಕಲ್ ಕಡೆಯ ಹೊಲಗಳು ಸೈಟುಗಳಾಗಿ, ಒಂದೇ ಜಮೀನು ಕೈಯಿಂದ ಕೈಗೆ ಹೋಗುತ್ತಿದ್ದ ಕಾಲ. ರಾಜ್ಯದ ಲೆಕ್ಕ 2004-05ರಲ್ಲೇ ರಾಜಸ್ವ ಹೆಚ್ಚುವರಿಗೆ ತಿರುಗಿತು. ಕಾನೂನು ಕೊಟ್ಟ ಗಡುವಿಗೂ ಮುಂಚೆ. ಆ ಸಾಧನೆ ದೊಡ್ಡದೇ. ತೆರಿಗೆ ಆಡಳಿತ ಸುಧಾರಿಸಿದ ಅಧಿಕಾರಿಗಳ ಶ್ರಮ ಅದರಲ್ಲಿದೆ. ಆದರೆ 2008ರ ಕೊನೆಯಲ್ಲಿ ಅದೇ 0030ರ ಕಟ್ಟು ತೆಳುವಾದಾಗ, ಹೆಚ್ಚುವರಿಯಲ್ಲಿ ಎಷ್ಟು ಪಾಲು ನಿಲ್ಲುವಂಥದ್ದು, ಎಷ್ಟು ಜಮೀನಿನ ಬೆಲೆಯ ಮೇಲೆ ನಿಂತದ್ದು ಎಂಬ ಪ್ರಶ್ನೆ ನನ್ನ ತಲೆಗೆ ಬಂತು. ಅಧಿನಿಯಮದಲ್ಲಿ ಆ ಪ್ರಶ್ನೆಗೆ ಕಲಮು ಇರಲಿಲ್ಲ.

ಐರ್ಲೆಂಡಿನಲ್ಲಿ ಆದದ್ದು ಇದರ ಎಷ್ಟೋ ಪಟ್ಟು ದೊಡ್ಡದು. 2009ರಲ್ಲಿ ಅಲ್ಲಿನ ಮುದ್ರಾಂಕ ಶುಲ್ಕ 100 ಕೋಟಿ ಯೂರೋಗಿಂತ ಕೆಳಗಿಳಿಯಿತು. 2008ರ ಸೆಪ್ಟೆಂಬರ್ ಕೊನೆಯಲ್ಲಿ ಸರ್ಕಾರ ಬ್ಯಾಂಕುಗಳ ಸಾಲಕ್ಕೆಲ್ಲ ಖಾತರಿ ಕೊಟ್ಟು ಆ ಹೊರೆಯನ್ನೂ ಹೊತ್ತುಕೊಂಡಿತು. 2010ರ ಕೊರತೆ ಉತ್ಪನ್ನದ ಸುಮಾರು ಶೇ 32. ಮೂರರ ಗೆರೆಯ ಪಕ್ಕದಲ್ಲಿ ಆ ಅಂಕಿ ಬರೆದು ನೋಡಿದರೆ ಸಾಕು. ಸರ್ಕಾರಿ ನೌಕರರ ಸಂಬಳ ಕಡಿದರು, ಕಾಮಗಾರಿ ನಿಲ್ಲಿಸಿದರು, ಹುಡುಗರು ಮತ್ತೆ ಹಡಗು, ವಿಮಾನ ಹತ್ತಿದರು. ಸ್ಪೇನಿನಲ್ಲಿ 2013ರಲ್ಲಿ ನಾಲ್ವರಲ್ಲಿ ಒಬ್ಬರಿಗೂ ಹೆಚ್ಚು ಜನರಿಗೆ ಕೆಲಸವಿರಲಿಲ್ಲ. ಸಾಲ ಶೇ 36ರಿಂದ 100ರ ಹತ್ತಿರಕ್ಕೆ ಹೋಯಿತು. ಗ್ರೀಸ್‌ನ ಕಥೆ ಎಲ್ಲರಿಗೂ ಗೊತ್ತು. ಅಲ್ಲಿ ಲೆಕ್ಕವೇ ಸುಳ್ಳಾಗಿತ್ತು. ಅದನ್ನೇ ಇಡೀ ಬಿಕ್ಕಟ್ಟಿನ ಪಾಠವೆಂದು ಹಿಡಿದದ್ದರಿಂದ ನಿಯಮವನ್ನು ಇನ್ನೂ ಬಿಗಿ ಮಾಡಬೇಕೆಂಬ ವಾದ ಗೆದ್ದಿತು. 2012ರ ಮಾರ್ಚಿನಲ್ಲಿ ವಿತ್ತೀಯ ಕರಾರಿಗೆ ಸಹಿ ಬಿತ್ತು; ಅದಕ್ಕೂ ಮೊದಲೇ ಸ್ಪೇನ್ ತನ್ನ ಸಂವಿಧಾನದ 135ನೇ ವಿಧಿಯನ್ನು ತಿದ್ದಿ ಸಾಲ ತೀರಿಸುವುದಕ್ಕೆ ಎಲ್ಲಕ್ಕಿಂತ ಮೊದಲ ಸ್ಥಾನ ಕೊಟ್ಟಿತ್ತು. ಆರ್ಥಿಕ ಏರಿಳಿತದ ಪಾಲನ್ನು ಕಳೆದು ‘ನಿಜವಾದ’ ಕೊರತೆ ಎಷ್ಟೆಂದು ಲೆಕ್ಕ ಹಾಕುವ ವಿಧಾನಕ್ಕೂ ಹೆಚ್ಚಿನ ತೂಕ ಬಂತು. ಆಲೋಚನೆ ಒಳ್ಳೆಯದೇ. ಆದರೆ 2007ರಲ್ಲಿ ಐರ್ಲೆಂಡ್, ಸ್ಪೇನ್‌ಗಳಿಗೆ ಆ ಲೆಕ್ಕದಲ್ಲೂ ಆಗ ಹೆಚ್ಚುವರಿಯೇ ಬಂದಿತ್ತು; ಕೆಲವು ವರ್ಷಗಳ ನಂತರ ಅದೇ 2007ಕ್ಕೆ ಕೊರತೆಯೆಂದು ತಿದ್ದಿದರು. ಏರಿನಲ್ಲಿ ನಿಂತವನಿಗೆ ತಾನು ಏರಿನಲ್ಲಿದ್ದೇನೆಂದು ಆ ಲೆಕ್ಕ ಹೇಳಲಿಲ್ಲ.

ನಮ್ಮ ಮೂರು ಮಾಸ್ಟ್ರಿಕ್ಟ್‌ನ ನಕಲು ಎಂದು ಹೇಳಿ ಮುಗಿಸುವುದು ಸರಿಯಲ್ಲ. ಸಂಖ್ಯೆ ಆಗಲೇ ಲೋಕದ ಗಾಳಿಯಲ್ಲಿತ್ತು. 2003ರಲ್ಲಿ ಕೇಂದ್ರದ ವಿತ್ತೀಯ ಹೊಣೆಗಾರಿಕೆ ಕಾಯ್ದೆ ಬಂತು, 2004ರ ಜುಲೈನಲ್ಲಿ ಜಾರಿಯಾಯಿತು. ಸಿ. ರಂಗರಾಜನ್ ಅಧ್ಯಕ್ಷತೆಯ ಹನ್ನೆರಡನೇ ಹಣಕಾಸು ಆಯೋಗ ಆ ಮೂರಕ್ಕೆ ಒಂದು ದೇಶೀ ಲೆಕ್ಕವನ್ನೂ ಕೊಟ್ಟಿತು: ಮನೆಮಂದಿಯ ಹಣಕಾಸು ಉಳಿತಾಯ ದೇಶದ ಉತ್ಪನ್ನದ ಶೇ 10, ಅದಕ್ಕೆ ಹೊರಗಿನಿಂದ ಬರುವ ಶೇ 1.5 ಸೇರಿಸಿ, ಖಾಸಗಿ ಕಂಪನಿಗಳಿಗೂ ಸಾರ್ವಜನಿಕ ಉದ್ಯಮಗಳಿಗೂ ಬೇಕಾದದ್ದನ್ನು ಕಳೆದರೆ ಸರ್ಕಾರಗಳಿಗೆ ಉಳಿಯುವುದು ಶೇ 6. ಕೇಂದ್ರಕ್ಕೆ ಮೂರು, ರಾಜ್ಯಗಳಿಗೆ ಮೂರು. ಕಾನೂನು ಮಾಡಿದ ರಾಜ್ಯಕ್ಕೆ ಸಾಲ ಪರಿಹಾರ ಎಂದು ಆಯೋಗ ಹೇಳಿದ್ದರಿಂದ ಉಳಿದ ರಾಜ್ಯಗಳೂ ಒಂದೊಂದಾಗಿ ಹಿಂಬಾಲಿಸಿದವು.

ಕರ್ನಾಟಕದ ಅಧಿನಿಯಮ ಬಂದದ್ದು ಬರಗಾಲದ ನಡುವೆ. 2001-02ರಿಂದ ಸತತ ಮೂರು ವರ್ಷ ಮಳೆ ಕೈಕೊಟ್ಟಿತ್ತು. ಆಗ ನಾನಿದ್ದದ್ದು ಬರಪೀಡಿತ ತಾಲ್ಲೂಕೊಂದರ ಉಪಖಜಾನೆಯಲ್ಲಿ. 2245ನೇ ಲೆಕ್ಕ ಶೀರ್ಷಿಕೆ, ಅಂದರೆ ನೈಸರ್ಗಿಕ ವಿಕೋಪ ಪರಿಹಾರ, ಉಳಿದ ವರ್ಷಗಳಲ್ಲಿ ಅಪರೂಪಕ್ಕೆ ಕಾಣುವಂಥದ್ದು. ಆ ವರ್ಷಗಳಲ್ಲಿ ದಿನವೂ ಮೇಜಿಗೆ ಬರುತ್ತಿತ್ತು. ಟ್ಯಾಂಕರ್ ನೀರಿನ ಬಾಡಿಗೆ, ಗೋಶಾಲೆಗೆ ಮೇವು, ಕೊರೆಸಿದ ಬೋರ್‌ವೆಲ್ಲಿನ ಬಿಲ್ಲು. ಟ್ಯಾಂಕರ್ ಮಾಲೀಕರು ಟೋಕನ್ ಹಿಡಿದು ಕೌಂಟರಿನ ಮುಂದೆ ಕೂತಿರುತ್ತಿದ್ದರು. ‘ಏನ್ ಸಾರ್, ಇವತ್ತಾದ್ರೂ ಆಗ್ತದಾ?’ ಅನುದಾನ ಬಂದಿದ್ದರೆ ಅವತ್ತೇ ಪಾಸು, ಇಲ್ಲದಿದ್ದರೆ ‘ನಾಳೆ ಬನ್ನಿ’. ಆ ವಿಕೋಪ ಪರಿಹಾರ ನಿಧಿಯಲ್ಲಿ ಮುಕ್ಕಾಲು ಪಾಲು ಕೇಂದ್ರದ್ದು, ಕಾಲು ಪಾಲು ರಾಜ್ಯದ್ದು. ಕೂಲಿಗಾಗಿ ಕಾಳು ಯೋಜನೆಯ ಅಕ್ಕಿ ಕೇಂದ್ರದ ದಾಸ್ತಾನಿನದು. ಮ್ಯಾಕ್‌ಡೂಗಲ್ 1977ರಲ್ಲಿ ಕೇಳಿದ್ದು ಇಂಥದ್ದನ್ನೇ. ಬಂದದ್ದು ಸಾಕಾಯಿತೆಂದು ನಾನು ಹೇಳಲಾರೆ, ಟೋಕನ್ ಹಿಡಿದವರ ಮುಖ ನೋಡಿದ್ದೇನೆ. ಆದರೂ ಬರಬಿದ್ದ ತಾಲ್ಲೂಕಿಗೆ ಬೆಳೆ ಬಂದ ಸೀಮೆಯ ಹಣ ಹರಿಯಲು ಒಂದು ದಾರಿಯಿತ್ತು. 2006ರಲ್ಲಿ ಉದ್ಯೋಗ ಖಾತರಿ ಯೋಜನೆ ಮೊದಲ ಹಂತದಲ್ಲೇ ಬೀದರ್, ಗುಲಬರ್ಗಾ, ರಾಯಚೂರು, ಚಿತ್ರದುರ್ಗ, ದಾವಣಗೆರೆಗೆ ಬಂದಾಗ ಆ ದಾರಿ ಇನ್ನಷ್ಟು ಅಗಲವಾಯಿತು. 2010ರ ಗ್ರೀಸ್‌ಗೆ ಬಂದದ್ದು 11,000 ಕೋಟಿ ಯೂರೋಗಳ ನೆರವು, ಷರತ್ತಿನ ಸಾಲದ ರೂಪದಲ್ಲಿ.

ನಮ್ಮಲ್ಲಿ ಗೆರೆ ಸಡಿಲಿಸುವ ಕೀಲಿ ದೆಹಲಿಯಲ್ಲಿದೆ. ಕೇಂದ್ರದ ಸಾಲ ಬಾಕಿಯಿರುವ ರಾಜ್ಯ ಕೇಂದ್ರದ ಒಪ್ಪಿಗೆಯಿಲ್ಲದೆ ಸಾಲ ಎತ್ತುವಂತಿಲ್ಲ ಎನ್ನುತ್ತದೆ ಸಂವಿಧಾನದ 293ನೇ ವಿಧಿ. 2008-09ರಲ್ಲಿ ರಾಜ್ಯಗಳಿಗೆ ಶೇ 3.5, ಮರುವರ್ಷ ಶೇ 4ರವರೆಗೆ ಬಿಟ್ಟರು. 2020ರ ಕೋವಿಡ್ ವರ್ಷ ಶೇ 5ರವರೆಗೆ ಬಿಟ್ಟರು. ಆದರೆ ಆ ಹೆಚ್ಚಿನ ಶೇ 2ರಲ್ಲಿ ಶೇ 0.5 ಮಾತ್ರ ಷರತ್ತಿಲ್ಲದ್ದು, ಉಳಿದದ್ದನ್ನು ಪಡಿತರ ಚೀಟಿ, ವಿದ್ಯುತ್ ವಿತರಣೆ, ನಗರಸಭೆಗಳ ತೆರಿಗೆಯಂಥ ಸುಧಾರಣೆಗಳಿಗೆ ತಳಕು ಹಾಕಿದರು. ಆಸ್ಪತ್ರೆಯಲ್ಲಿ ಹಾಸಿಗೆ ಸಿಗದ ವರ್ಷ ರಾಜ್ಯಗಳ ಮುಂದೆ ಅಂಥ ಪಟ್ಟಿ ಇಟ್ಟದ್ದು ನನಗೆ ಒಪ್ಪಿಗೆಯಾಗಲಿಲ್ಲ. ಯುರೋಪಿನವರು ಅದೇ ವರ್ಷದ ಮಾರ್ಚಿನಲ್ಲಿ ನಿಯಮವನ್ನೇ ಪೂರ್ತಿ ಅಮಾನತಿನಲ್ಲಿಟ್ಟರು, 2023ರ ಕೊನೆಯವರೆಗೆ. 2024ರಲ್ಲಿ ತಂದ ಹೊಸ ನಿಯಮದಲ್ಲೂ 3 ಮತ್ತು 60 ಹಾಗೇ ಉಳಿದಿವೆ. ದೇಶ ದೇಶಕ್ಕೆ ಖರ್ಚಿನ ಬೇರೆ ಬೇರೆ ಹಾದಿ ಹಾಕಿಕೊಡುತ್ತಾರೆ. ಜರ್ಮನಿ 2009ರಲ್ಲಿ ಸಂವಿಧಾನಕ್ಕೇ ಸೇರಿಸಿಕೊಂಡಿದ್ದ ಸಾಲದ ಮಿತಿಯನ್ನು 2025ರ ಮಾರ್ಚಿನಲ್ಲಿ ರಕ್ಷಣಾ ವೆಚ್ಚಕ್ಕಾಗಿ, ಮೂಲಸೌಕರ್ಯಕ್ಕಾಗಿ ಸಡಿಲಿಸಿತು.

ನನಗೆ ಹೆಚ್ಚು ಕುತೂಹಲ ಮೂಡಿಸಿದ್ದು ಐರ್ಲೆಂಡ್. ಹಿಂದೆ 2001ರಲ್ಲೂ ಅಲ್ಲೊಂದು ಪಿಂಚಣಿ ಮೀಸಲು ನಿಧಿಯಿತ್ತು; ರಾಷ್ಟ್ರೀಯ ಉತ್ಪನ್ನದ ಶೇ 1ನ್ನು ಪ್ರತಿವರ್ಷ ಅದಕ್ಕೆ ಹಾಕಬೇಕಿತ್ತು. ತಂದವರು ಛೀಮಾರಿ ತಿಂದ ಅದೇ ಮೆಕ್ರೀವಿ. ಅದರ ಸುಮಾರು 2,000 ಕೋಟಿ ಯೂರೋ ಬ್ಯಾಂಕುಗಳನ್ನು ಉಳಿಸುವುದರಲ್ಲಿ ಹೋಯಿತು. ಈಗ ಅಮೆರಿಕದ ದೊಡ್ಡ ಕಂಪನಿಗಳ ತೆರಿಗೆ ಅಲ್ಲಿ ಸುರಿಯುತ್ತಿದೆ, ಹಿಂದಿನ ಮುದ್ರಾಂಕ ಶುಲ್ಕದ ಹಾಗೆಯೇ. ಈ ಸಲ ಅವರು 2024ರಲ್ಲಿ ಕಾನೂನು ಮಾಡಿ ಎರಡು ನಿಧಿ ಕಟ್ಟಿದರು. ಒಂದಕ್ಕೆ ಪ್ರತಿವರ್ಷ ಉತ್ಪನ್ನದ ಶೇ 0.8. ಇನ್ನೊಂದು ಮೂಲಸೌಕರ್ಯ, ಹವಾಮಾನ ಮತ್ತು ನಿಸರ್ಗ ನಿಧಿ. ಆರ್ಥಿಕತೆ ಗಣನೀಯವಾಗಿ ಹದಗೆಟ್ಟ ವರ್ಷ ಅದರಿಂದ ಶೇ 25ರವರೆಗೆ ತೆಗೆದು, ನಡೆಯುತ್ತಿರುವ ಕಾಮಗಾರಿಗಳು ನಿಲ್ಲದಂತೆ ಖರ್ಚು ಮಾಡಬಹುದು. ಬ್ರಸೆಲ್ಸಿನ ನಿಯಮ ಇದನ್ನು ಅವರಿಂದ ಕೇಳಿರಲಿಲ್ಲ.

ಕರ್ನಾಟಕದ 2002ರ ಅಧಿನಿಯಮಕ್ಕೆ ಈಗಾಗಲೇ ಹಲವು ತಿದ್ದುಪಡಿ ಬಂದಿವೆ, ಅವುಗಳಲ್ಲಿ ಕೆಲವು ಕೆಟ್ಟ ವರ್ಷ ಬಂದ ಮೇಲೆ ಮಿತಿ ಹೆಚ್ಚಿಸಿಕೊಳ್ಳಲು. ಮುಂದಿನದನ್ನು ಒಳ್ಳೆಯ ವರ್ಷದಲ್ಲಿ ತರಬೇಕೆಂಬುದು ನನ್ನ ಕೋರಿಕೆ: 0030ರಲ್ಲಿ ಅಂದಾಜು ಮೀರಿ ಬಂದ ಹಣದ ಒಂದು ಪಾಲು ತಾನಾಗಿ ಪ್ರತ್ಯೇಕ ನಿಧಿಗೆ ಹೋಗಲಿ, ತಾಲ್ಲೂಕುಗಳನ್ನು ಬರಪೀಡಿತವೆಂದು ಘೋಷಿಸಿದ ದಿನವೇ ಆ ನಿಧಿಯಿಂದ 2245ಕ್ಕೆ ಅನುದಾನ ಬಿಡುಗಡೆಯಾಗಲಿ.